ಇದ್ದತ್ತಿನ ದಿನಗಳಲ್ಲಿ ಬಂದ ಅತ್ತರು

ಮುಬೀನಾ, ರಿಯಾಜ್, ಇಬ್ಬರೂ ಒಟ್ಟಿಗೆ ಕೂತು ಓದಿರಿ. ಮೊನ್ನೆ ಮದುವೆಗೆ ಹೊರಟಾಗ ನಾನು ಹಾಗೆ ಚೀರಿದ್ದು ಯಾಕೆ ಎಂದು ನೀವು ನಿಮ್ಮ ಅಮ್ಮನನ್ನು ಕೇಳಿದಿರಿ. ಅಜ್ಜಿಯಾದ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮುಬೀನಾ, ನೀನು ಟ್ರಂಕಿನ ತಳದಿಂದ ಆ ಅತ್ತರಿನ ಸೀಸೆ ತೆಗೆದು ಬಿರಡೆ ಬಿಚ್ಚಿದೆ. ಸುಟ್ಟ ಕಟ್ಟಿಗೆ, ಪಾಕ ಬಂದ ಬೆಲ್ಲ ಎರಡೂ ಕೂಡಿದಂಥ ಆ ವಾಸನೆ ಅಡುಗೆಮನೆಯವರೆಗೂ ಬಂತು. ಪಕ್ಕದ ಮನೆಯ ಹುಡುಗಿಗೆ ರಿಯಾಜ್ ಜಂಬದಿಂದ ಹೇಳುತ್ತಿದ್ದ, "ರಾಜ ನಮ್ಮಪ್ಪಗೆ ಮಾಫಿ ಕೊಟ್ನಲ್ಲ, ಆಗ ಕಳ್ಸಿದ್ದಿದು!" ಸೀಸೆ ಕಿತ್ತುಕೊಂಡವಳು ನಾನೇ. ವಾಸನೆಗಿಂತ ಆ ಮಾತಿಗೆ ನನ್ನ ಮೈ ಉರಿಯಿತು.

ಜಗಳೂರು ತಾಲೂಕಿನ ಸೊಕ್ಕೆ ಶಾಲೆಯಲ್ಲಿ ನಾನು ಏಳನೆಯ ತರಗತಿವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಿದವಳಲ್ಲ. ಮೇಷ್ಟ್ರು "ಮಾಬೂಬಿ, ನಿನ್ ಬಾಯಿಗೆ ಬೀಗ ಹಾಕಿ ಕೀಲಿಕೈ ಎಲ್ಲಿಟ್ಟಿದೀ?" ಎನ್ನುತ್ತಿದ್ದರು. ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದ ಮೇಲೂ ಹಾಗೆಯೇ ಇದ್ದೆ. ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ನಮ್ಮ ಕಸುಬು. ನಿಮ್ಮ ಅಜ್ಜ ಹತ್ತಿ ಹಿಂಜುವ ಬಿಲ್ಲು ಮೀಟುತ್ತಿದ್ದರೆ ಓಣಿಯ ಕೊನೆಯವರೆಗೂ ದನಿ ಕೇಳುತ್ತಿತ್ತು. ಆಮೇಲೆ ಅಂಗಡಿಗಳಿಗೆ ಸ್ಪಂಜಿನ ಹಾಸಿಗೆ ಬಂತು. ಗಾದಿ ಹೊಲಿಸುವವರು ಕಡಿಮೆಯಾದರು. ನಿಮ್ಮ ಅಪ್ಪ ದಾದಾಪೀರ್, ನ್ಯಾಮತಿಯ ಏಜೆಂಟ್ ಖಾದರನ ಮಾತು ಕೇಳಿ ಪರದೇಶಕ್ಕೆ ಹೋದ. ಆ ದೇಶವನ್ನು ಈಗಲೂ ರಾಜನೇ ಆಳುತ್ತಾನೆ. ಅದರ ಹೆಸರು ಬರೆಯಲು ನನಗೆ ಮನಸ್ಸಿಲ್ಲ.

ಅಲ್ಲಿ ಕೆಲಸ ಕೊಡುವ ಧಣಿಯನ್ನು ಕಫೀಲ ಅನ್ನುತ್ತಾರೆ. ಹೋದವರ ಪಾಸ್‌ಪೋರ್ಟು ಅವನ ಕಪಾಟಿನಲ್ಲಿರುತ್ತದೆ. ಅವನು ಒಪ್ಪದೆ ಕೆಲಸ ಬಿಡುವಂತಿಲ್ಲ, ದೇಶವನ್ನೂ ಬಿಡುವಂತಿಲ್ಲ. ಇದನ್ನೆಲ್ಲ ಸರಿಪಡಿಸುತ್ತೇವೆ ಎಂದು ಆ ರಾಜನ ಕಡೆಯವರು ಹೊರಗಿನ ದೊಡ್ಡ ಮನುಷ್ಯರು ಬಂದಾಗಲೆಲ್ಲ ಹೇಳುತ್ತಿದ್ದರಂತೆ. ಹಾಗೆ ಹೇಳಿದ ಒಂದು ಸಲ, ಬೇಸಿಗೆಯ ನಡುಮಧ್ಯಾಹ್ನ ಬಯಲಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದು ಎಂದು ರಾಜನೇ ಹುಕುಂ ಹೊರಡಿಸಿದ. ನಿಮ್ಮ ಅಪ್ಪನ ಕಫೀಲ ಆ ಹುಕುಮನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಹಾರದ ಒಬ್ಬ ಹುಡುಗ ಕಟ್ಟುತ್ತಿದ್ದ ಕಟ್ಟಡದ ಸಾರುವೆಯ ಮೇಲಿಂದ ತಲೆಸುತ್ತಿ ಬಿದ್ದ. ಮಾರನೆಯ ದಿನ ನಿಮ್ಮ ಅಪ್ಪ ಮತ್ತು ಅವನ ಜೊತೆಯವರು ಮಧ್ಯಾಹ್ನ ಕೆಲಸ ನಿಲ್ಲಿಸಿದರು.

ಆಮೇಲೆ ಅವನಿಂದ ಬಂದದ್ದು ಒಂದೇ ಫೋನು. "ನಾವೇನೂ ಕೂಗಾಡ್ಲಿಲ್ಲವ್ವ. ನೆರಳಿಗೆ ಹೋಗಿ ಕುಂತ್ವಿ, ಅಷ್ಟೆ."

ಆ ದೇಶದಲ್ಲಿ ಕೂಲಿಯವರು ಗುಂಪಾಗಿ ಕೂತು 'ಆಗುವುದಿಲ್ಲ' ಅನ್ನುವುದೇ ಅಪರಾಧ. ಸಂಘ ಎಂಬ ಮಾತನ್ನೂ ಆಡುವಂತಿಲ್ಲ. ರಾಜನ ಹುಕುಮಿನ ಪ್ರಕಾರವೇ ನೆರಳಿಗೆ ಕೂತವರನ್ನು ರಾಜನ ಪೊಲೀಸರೇ ಹಿಡಿದುಕೊಂಡು ಹೋದರು.

ಇಲ್ಲಿ ಮೃಗಶಿರ ಮಳೆ ಹಿಡಿದಿತ್ತು. ನಿಮ್ಮ ಅಜ್ಜನ ಎದೆಯೊಳಗೆ ಅಷ್ಟು ವರ್ಷ ಸೇರಿದ ಹತ್ತಿಯ ಧೂಳು ಥಂಡಿಗೆ ಗಟ್ಟಿಯಾಗಿ ಉಸಿರು ಆಡದಂತಾಯಿತು. ಬಾಗಿಲ ಕಡೆ ಮುಖ ಮಾಡಿ ಮಲಗಿ "ದಾದು ಬಂದ್ನಾ?" ಅನ್ನುತ್ತಿದ್ದರು. "ಬರ್ತಾನೆ, ಹೊಂಟಾನೆ" ಅಂತ ನಾವು ಹೇಳುತ್ತಿದ್ದೆವು. ಅವರು ತೀರಿಕೊಂಡ ದಿನ ಮಳೆ ಬಿಡಲೇ ಇಲ್ಲ. ಮಗ ಹೆಗಲು ಕೊಡಬೇಕಾದ ಜಾಗಕ್ಕೆ ಓಣಿಯವರು ಯಾರೋ ಹೆಗಲು ಕೊಟ್ಟರು.

ನಾನು ಇದ್ದತ್ತಿಗೆ ಕೂತೆ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವುದು ನಮ್ಮಲ್ಲಿನ ನೇಮ. ಬಣ್ಣದ ಬಟ್ಟೆ, ಬಳೆ, ಸುರುಮ ಇಲ್ಲ. ಅತ್ತರನ್ನಂತೂ ಮುಟ್ಟುವ ಹಾಗಿಲ್ಲ. ನನಗೆ ಅದೇನೂ ಕಷ್ಟವಾಗಲಿಲ್ಲ, ಮೊದಲೂ ನಾನು ಹೊರಗೆ ಬಂದವಳಲ್ಲ. ಹಿತ್ತಲ ಕೋಣೆಯಲ್ಲಿ ಕೂತು ನಿಮ್ಮ ಅಜ್ಜ ಅರ್ಧ ಹಿಂಜಿಟ್ಟ ಹತ್ತಿಯನ್ನು ಬೆರಳಲ್ಲೇ ಬಿಡಿಸುತ್ತಿದ್ದೆ. ಮಳೆಗಾಲದ ಹತ್ತಿ ಬಿಲ್ಲಿಗೆ ಬರುವುದಿಲ್ಲ, ಮುದ್ದೆಯಾಗುತ್ತದೆ. ದಾದಾಪೀರ್ ಬಂದರೆ ಒಂದು ಗಾದಿಯಾದರೂ ಇರಲಿ ಎಂದು ಬಿಡಿಸುತ್ತಿದ್ದೆ. ಮುಂದಿನ ಕೋಣೆಯ ಟೀವಿಯಲ್ಲಿ ಎರಡು ದೇಶದವರು ಕೈ ಕುಲುಕುತ್ತಿದ್ದರು. ಮಾತುಕತೆ ಸೌಹಾರ್ದದಿಂದ ನಡೆಯಿತು, ಕಾರ್ಮಿಕರ ಕಾನೂನು ಸುಧಾರಣೆ ಆಗಲಿದೆ ಎನ್ನುತ್ತಿದ್ದರು. ಅವರ ಹಿಂದೆ ಹಣ್ಣಿನ ತಟ್ಟೆ ಕಾಣುತ್ತಿತ್ತು.

ಪುಷ್ಯ ಮಳೆಯ ಹೊತ್ತಿಗೆ ಖಾದರ ಬಂದ. ಪರದೆಯ ಆಚೆ ಚಪ್ಪಲಿ ಬಿಟ್ಟು ನಿಂತ.

"ಅಕ್ಕ, ಒಳ್ಳೆ ಸುದ್ದಿ ಐತೆ. ಆ ದೇಶದ ದೂತರು ಹೊನ್ನಾಳಿ ಐಬಿಗೆ ಬರ್ತಾರೆ. ದಿಲ್ಲಿಯಿಂದ ನಮ್ಮ ಕಡೆ ಆಫೀಸರೂ ಬರ್ತಾರೆ. ಈ ಕಡೆ ತಾಲೂಕಿನೋರು ಅಲ್ಲಿ ಭಾಳ ಜನ ಅದಾರಲ್ಲ, ಮನೇರ ಹತ್ರ ಮಾತಾಡ್ತಾರಂತೆ."

ನನ್ನ ಅತ್ತೆ ಇಮಾಂಬಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. "ಮಾತಾಡಿ ಏನ್ ಮಾಡ್ತಾರಂತೆ?" ಎಂದಳು.

"ನೀವು ಬರಾಕಾಗಲ್ಲ, ಅಕ್ಕ ಇದ್ದತ್ತಿನಾಗೆ ಕುಂತಾರೆ. ನಿಮ್ಮ ಪರವಾಗಿ ನಾನೇ ಹೇಳ್ತೀನಿ. 'ಹುಡುಗ ತಿಳೀದೆ ತಪ್ಪು ಮಾಡ್ಯಾನೆ, ಅವನವ್ವ ಮಾಫಿ ಕೇಳ್ತಾಳೆ' ಅಂತ. ರಾಜಂದು ದೊಡ್ಡ ಮನಸು, ಬಿಟ್ಟು ಕಳಿಸ್ತಾನೆ."

"ಏನ್ ತಪ್ಪು ಮಾಡ್ಯಾನಲೇ?"

"ಅಮ್ಮಾ, ಅದೆಲ್ಲ ಈಗ್ಯಾಕೆ? ಈಗೇನಾರ ಬಾಯಿ ಬಿಟ್ರಿ ಅಂದ್ರೆ ನಾಳೆ ಈ ಕಡೆ ಹುಡುಗ್ರಿಗೆ ವೀಸಾನೇ ಬಂದ್ ಆಗ್ತತೆ. ಓಣಿಯೋರ ಶಾಪ ತಟ್ತತೆ ನಿಮಗೆ."

ಪರದೆಯ ಈಚೆಯಿಂದ ನಾನು "ಬ್ಯಾಡ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಖಾದರ "ಹಂಗಾರೆ ಒಪ್ಪಿದ್ರಿ ಅಂತ ತಿಳ್ಕಂತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಇಮಾಂಬಿ ಎದುರು ಮಾತಾಡಿದ್ದನ್ನು, ನಾನು ಹೂಂ ಅನ್ನದ್ದನ್ನು ಖಾದರನೇ ಹೊರಗೆ ಹೇಳಿರಬೇಕು, ಅವನು ಹೇಳಿದಂತೆಯೇ ಓಣಿ ತಿರುಗಿಬಿತ್ತು. ಸಾವಿನ ಮನೆಗೆ ಬುತ್ತಿ ಕಳಿಸುತ್ತಿದ್ದವರು ನಿಲ್ಲಿಸಿದರು. ವೀಸಾಕ್ಕೆ ಕಾಯುತ್ತಿದ್ದ ಗಂಡುಮಕ್ಕಳು ಎಷ್ಟೋ ಮನೆಗಳಲ್ಲಿದ್ದರು. ನಿಮ್ಮ ಅಮ್ಮ ನೀರಿಗೆ ಹೋದರೆ ನಲ್ಲಿಯ ಹತ್ತಿರ ಒಬ್ಬಳು, "ನಿನ್ ಗಂಡ ಅಲ್ಲಿ ಲೀಡರ್ ಆಗಾಕೆ ಹೋಗಿದ್ನೇನವ್ವ, ದುಡಿಯಾಕೆ ಹೋಗಿದ್ನೇನು?" ಅಂದಳಂತೆ. ಇನ್ನೊಬ್ಬಳು, "ನಿನ್ ಅತ್ತೆ ಒಳಗೆ ಕುಂತು ಹಟ ಮಾಡ್ತಾಳೆ, ನಮ್ ಮಕ್ಕಳ ಅನ್ನ ಕಳೀತಾಳೆ" ಅಂದಳಂತೆ. ರಿಯಾಜ್, ನೀನಾಗ ತೊಟ್ಟಿಲಲ್ಲಿದ್ದೆ. ಮುಬೀನಾ, ನಿನ್ನನ್ನು ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ. ನಿನಗೆ ಅದು ನೆನಪಿಲ್ಲ ಎಂದುಕೊಂಡಿದ್ದೇನೆ.

ಹೊನ್ನಾಳಿಯ ಸಭೆಯ ಹಿಂದಿನ ದಿನ ಇಮಾಂಬಿ ನನ್ನ ಮುಂದೆ ಬಂದು ಕೂತಳು. ಮದುವೆಯಾದ ದಿನದಿಂದ ಆ ಹೆಂಗಸು ನನಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ನಾನು ಮಾಡಿದ ರೊಟ್ಟಿ ಅವಳಿಗೆ ಚರ್ಮದ ಹಾಗೆ, ನನ್ನ ಹೊಲಿಗೆ ಕೋಳಿ ಕೆದರಿದ ಹಾಗೆ.

"ನಾಳೆ ಹೊನ್ನಾಳಿಗೆ ಹೋಗಾಣ," ಎಂದಳು.

"ಇದ್ದತ್ತು..."

"ನನಗೇ ಇದ್ದತ್ತು ಹೇಳಿಕೊಡ್ತೀಯಾ? ಇಪ್ಪತ್ತೆಂಟಕ್ಕೇ ಗಂಡನ್ನ ಮಣ್ಣಿಗಿಟ್ಟೋಳು ನಾನು. ಜರೂರು ಇದ್ರೆ ಹಗಲು ಹೋಗಬೌದು. ಹೊತ್ತು ಮುಳುಗೋದ್ರೊಳಗೆ ಮನಿಗೆ ಬಂದು ಬೀಳಬೇಕು, ಅಷ್ಟೆ. ಹೊಟ್ಟೆಪಾಡಿಗೆ ನಾನು ಇದ್ದತ್ತಿನಾಗೇ ಸಂತೆಗೆ ಹೋಗಿ ದಿಂಬು ಮಾರೀನಿ. ಮಗ ಜೈಲಿನಾಗೆ ಇರೋದಕ್ಕಿಂತ ಜರೂರು ಇನ್ನೇನೈತೆ?" ಕೋಲೂರಿ ಏಳುತ್ತಾ, "ಸುಮ್ನಿರೋಳ ಬಾಯಾಗೆ ಎಲ್ಲಾರೂ ತಮ್ ಮಾತು ಇಡ್ತಾರೆ ಕಣೇ," ಅಂದಳು.

ಹೊನ್ನಾಳಿಯಲ್ಲಿ ಹೊಳೆ ಕೆಂಪಗೆ ತುಂಬಿತ್ತು. ಬಿಳಿ ಸೀರೆಯ ಮೇಲೆ ಚಾದರ ಹೊದ್ದು ನಾನು, ಕೋಲೂರಿಕೊಂಡು ಇಮಾಂಬಿ ಪ್ರವಾಸಿ ಮಂದಿರದ ಮೆಟ್ಟಿಲು ಹತ್ತಿದೆವು. ನಮ್ಮನ್ನು ಕಂಡ ಖಾದರನ ಮುಖ ಇಳಿಯಿತು. ಅವನು ಅಲ್ಲಿ ಏಜೆಂಟನಾಗಿ ಬಂದಿರಲಿಲ್ಲ, ದುಬಾಷಿಯಾಗಿ ಕೂತಿದ್ದ. ನಮ್ಮ ಮಾತನ್ನು ದೂತನಿಗೆ ಅರಬ್ಬಿಯಲ್ಲಿ ಹೇಳುವವನು ಅವನೇ. ನಮ್ಮನ್ನು ಅಲ್ಲಿಗೆ ಸಾಗಿಸಿದವನನ್ನೇ ನಮ್ಮ ನಾಲಿಗೆ ಮಾಡಿ ಕೂರಿಸಿದ್ದರು.

ದೂತ ಬಿಳಿ ನಿಲುವಂಗಿ ತೊಟ್ಟು ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ದಿಲ್ಲಿಯಿಂದ ಬಂದ ನಮ್ಮ ಕಡೆಯ ಆಫೀಸರ್ ಮೇಡಂ. ಎರಡು ದೇಶಗಳ ಸ್ನೇಹ ಬಹಳ ಹಳೆಯದು, ಸಣ್ಣಪುಟ್ಟ ತೊಂದರೆಗಳನ್ನು ಮಾತಾಡಿ ಬಗೆಹರಿಸಿಕೊಳ್ಳುತ್ತೇವೆ ಎಂದು ಅವರು ಹಿಂದಿಯಲ್ಲಿ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿದರು.

ಜಗಳೂರು ಕಡೆಯ ಒಬ್ಬ ಎದ್ದು, "ನನ್ ತಮ್ಮನ ಪಾಸ್‌ಪೋರ್ಟು ಕಫೀಲನ ಹತ್ರ ಐತ್ರಿ. ಅವ್ವಗೆ ಆಪರೇಷನ್ ಆದ್ರೂ ಬಿಡ್ಲಿಲ್ರಿ," ಎಂದ. ಖಾದರ ಅರಬ್ಬಿಯಲ್ಲಿ ಏನೇನೋ ಹೇಳಿ ಕೊನೆಗೆ 'ಶುಕ್ರನ್' ಅಂದ. ದೂತ ನಕ್ಕು ತಲೆಯಾಡಿಸಿದ.

ಆ ಮನುಷ್ಯ ಕೂರುತ್ತಾ ಪಕ್ಕದವನಿಗೆ, "ಶುಕ್ರನ್ ಅಂದ್ರೆ ಉಪಕಾರ ಆತು ಅಂತ ಅಲ್ಲೇನೋ?" ಅಂದ.

"ಹೂಂ."

"ನಾನ್ಯಾವಾಗಲೇ ಉಪಕಾರ ಆತು ಅಂದೆ?"

ಅವನಿಗೆ ಮತ್ತೆ ಏಳಲು ಬಿಡಲಿಲ್ಲ. ಎಲ್ಲರ ದುಃಖವೂ ಖಾದರನ ಬಾಯಿಂದ ಶುಕ್ರನ್ ಆಗಿ ಹೊರಗೆ ಬೀಳುತ್ತಿತ್ತು. ನಮ್ಮ ಸರದಿ ಬಂದಾಗ ಅವನು ನಾವು ಏಳುವ ಮೊದಲೇ ಏನೋ ಹೇಳಿ ಮುಗಿಸಿದ. 'ಮಾಫ್' ಎಂಬಂಥ ಒಂದು ಸದ್ದು ಕಿವಿಗೆ ಬಿತ್ತು. ನಾನು ಎದ್ದು ನಿಂತೆ. ಆದರೆ ಸೊಕ್ಕೆ ಶಾಲೆಯಲ್ಲಿ ಆದ ಹಾಗೆಯೇ ಆಯಿತು. ಇಮಾಂಬಿ ಕೋಲಿನಿಂದ ನನ್ನ ಕಾಲಿಗೆ ತಿವಿಯುತ್ತಲೇ ಇದ್ದಳು.

ಅಷ್ಟರಲ್ಲಿ ಸಭೆ ಮುಗಿಯಿತು ಎಂದರು. ಅವರ ದೇಶದಲ್ಲಿ ಬೀಳ್ಕೊಡುವಾಗ ಅತಿಥಿಗಳಿಗೆ ಅತ್ತರು ಹಚ್ಚುವುದು ಮರ್ಯಾದೆಯಂತೆ. ದೂತ ಸೀಸೆ ಹಿಡಿದು ಎದ್ದ. ಗಂಡಸರ ಕೈ ಮೇಲೆ ತಾನೇ ಗಾಜಿನ ಕಡ್ಡಿಯಿಂದ ಸವರಿದ. ಹೆಂಗಸರ ಮುಂದೆ ಕಡ್ಡಿಯನ್ನು ಹಿಡಿಯುತ್ತಿದ್ದ, ಅವರೇ ಹಚ್ಚಿಕೊಳ್ಳಲಿ ಎಂದು. ಪಾಸ್‌ಪೋರ್ಟಿನ ಮನುಷ್ಯನೂ ಕೈ ಚಾಚಿದ. ಏನು ಮಾಡಿಯಾನು, ತಮ್ಮ ಅಲ್ಲಿದ್ದಾನೆ. ಕಡ್ಡಿ ನನ್ನ ಮುಂದೆ ಬಂತು. ಆ ವಾಸನೆ ಮೂಗಿಗೆ ಹೊಡೆಯಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಖಾದರ ಹಲ್ಲು ಕಡಿದು, "ತಗಳ್ರಿ ಅಕ್ಕ, ಅವಮಾನ ಆಗ್ತತೆ ಅವರಿಗೆ," ಎಂದ.

ಇಮಾಂಬಿ ಕೋಲು ಕುಟ್ಟಿದಳು. "ಏನ್ ಸಾಹೇಬ್ರೆ, ಗಂಡ ಸತ್ತು ಕುಂತೋಳಿಗೆ ಅತ್ತರು ಹಚ್ಚೋದು ನಿಮ್ ದೇಶದ ಪದ್ಧತಿಯೇನು?"

ಖಾದರ ಅದನ್ನು ದೂತನಿಗೆ ಹೇಳಲಿಲ್ಲ. ಆಗ ನನ್ನ ಬಾಯಿಂದ ಒಂದು ಮಾತು ಹೊರಬಂತು.

"ಇದ್ದತ್."

ಆ ಮಾತಿಗೆ ದುಬಾಷಿ ಬೇಕಿರಲಿಲ್ಲ. ಅವನ ಭಾಷೆಯಲ್ಲೂ ಅದು ಅದೇ ಮಾತು. ದೂತನ ಕೈ ಅಲ್ಲೇ ನಿಂತಿತು. ಅಷ್ಟು ಜನರ ಎದುರು ಅವನ ಮುಖ ಕೆಂಪಾಯಿತು. ಕಡ್ಡಿಯನ್ನು ಸೀಸೆಗೆ ಹಾಕಿ, ನೆಲ ನೋಡುತ್ತಾ, ಅಲ್ಲಾಹ್ ಕ್ಷಮಿಸಲಿ ಎಂಬ ಅರ್ಥದಲ್ಲಿ 'ಅಸ್ತಗ್‌ಫಿರುಲ್ಲಾ' ಎಂದ. ಖಾದರ ಏನೋ ಸಮಜಾಯಿಷಿ ಶುರು ಮಾಡಿದ್ದಕ್ಕೆ ಕೈ ಎತ್ತಿ ಸುಮ್ಮನಿರಿಸಿದ. ಮೇಡಂ ಆಗ ನನ್ನ ಹತ್ತಿರ ಬಂದು, ತೀರಿಕೊಂಡವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಟೀವಿ ನೋಡಿ ಕಲಿತ ಹರುಕು ಹಿಂದಿಯಲ್ಲಿ ಹೇಳಿದೆ. ಗಂಡ ತೀರಿಕೊಂಡರು, ಮಗ ಇವರ ದೇಶದ ಜೈಲಿನಲ್ಲಿದ್ದಾನೆ, ಅಪ್ಪನ ಮಣ್ಣಿಗೂ ಬಿಡಲಿಲ್ಲ.

"ಏನು ತಪ್ಪು ಮಾಡಿದ್ದ?"

"ತಪ್ಪು ಮಾಡಿಲ್ಲ. ಮಧ್ಯಾಹ್ನ ನೆರಳಿಗೆ ಕೂತ. ಕೂರಬಹುದು ಅಂತ ರಾಜನದೇ ಹುಕುಂ ಇದೆ. ಮಾಫಿ ಬೇಡ ನನಗೆ. ಅವನನ್ನು ಬಿಡಲಿ."

ಮೇಡಂ ದೂತನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಹೇಳಿದ್ದರಲ್ಲಿ ಎಷ್ಟನ್ನು ಹೇಳಿದರು, ಎಷ್ಟನ್ನು ನುಂಗಿದರು ಎಂದು ಇವತ್ತಿಗೂ ಗೊತ್ತಿಲ್ಲ. ದೂತ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅವನಿಗೆ ನಾಚಿಕೆಯಾದದ್ದು ನಿಜ. ಆದರೆ ನಾಚಿಕೆಯಾದದ್ದು ಅತ್ತರಿಗೆ, ಜೈಲಿಗಲ್ಲ.

ವಾಪಸು ಬರುವ ಬಸ್ಸಿನಲ್ಲಿ ಇಮಾಂಬಿ ಕಂಡಕ್ಟರನ ಪ್ರಾಣ ತಿಂದಳು. "ಹೊತ್ತು ಮುಳುಗೋದ್ರೊಳಗೆ ಬಸವಾಪಟ್ಟಣ ಮುಟ್ಟಿಸಪ್ಪ, ನನ್ ಸೊಸಿ ಇದ್ದತ್ತಿನಾಗೆ ಅದಾಳೆ."

"ಮೊಣಕಾಲುದ್ದ ಗುಂಡಿ ಅದಾವೆ ಅಜ್ಜಿ, ಬಸ್ ಹಾರಿಸಾಕೆ ಬರ್ತತೇನು?"

"ಹಾರಿಸೋ, ನಾನು ಗಟ್ಟಿ ಹಿಡ್ಕಂಡಿರ್ತೀನಿ."

ಸಂಜೆಯ ಮಗ್ರಿಬ್‌ನ ಅಜಾನ್ ಆಗುವ ಮೊದಲೇ ಮನೆ ಸೇರಿದೆವು. ಅವಳು ಮೆಟ್ಟಿಲ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಾ, "ಒಂದೇ ಮಾತಾಡಿದ್ರೂ ಸರಿಯಾಗಿ ಆಡ್ದಿ," ಎಂದಳು. ಅವಳಿಂದ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ. ಮಾರನೆಯ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಎಂದಿನಂತೆ ಬೈದಳು.

ಹುಬ್ಬೆ ಮಳೆಯಲ್ಲಿ ಸುದ್ದಿ ಬಂತು. ಎರಡು ದೇಶಗಳ ಮಾತುಕತೆ ಫಲ ಕೊಟ್ಟಿದೆ, ಮಹಾರಾಜರು ದೊಡ್ಡ ಮನಸ್ಸಿನಿಂದ ನಮ್ಮ ಕೆಲವು ಕಾರ್ಮಿಕರಿಗೆ ಕ್ಷಮಾದಾನ ನೀಡಿದ್ದಾರೆ ಎಂದು ಟೀವಿಯಲ್ಲಿ ಹೇಳಿದರು. ಒಬ್ಬ ವಿಧವೆ ತಾಯಿಯ ಕೋರಿಕೆಗೆ ರಾಜರ ಮನ ಕರಗಿತಂತೆ. ನಿಮ್ಮ ಅಮ್ಮ ಸಂತೋಷಕ್ಕೆ ಅತ್ತಳು. ನಾನೂ ಅತ್ತೆ, ಮಗ ಬರುತ್ತಾನಲ್ಲ ಎಂದು. ಆದರೆ 'ಕ್ಷಮೆ' ಎಂಬ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು. ಅವರನ್ನು ಬಿಟ್ಟರು, ಮತ್ತೆ ಆ ದೇಶಕ್ಕೆ ಕಾಲಿಡಬಾರದು ಎಂದರು. ಆ ಕಫೀಲನಿಗೆ ಏನಾಯಿತೆಂದು ಯಾವ ಟೀವಿಯೂ ಹೇಳಲಿಲ್ಲ. ಅವನು ಈಗಲೂ ಅಲ್ಲೇ ಇದ್ದಾನೆ, ಮಧ್ಯಾಹ್ನದ ಕೆಲಸವೂ ನಡೆದಿದೆ ಎಂದು ಅಲ್ಲಿಂದ ಬಂದವರು ಹೇಳುತ್ತಾರೆ.

ಖಾದರ ಒಬ್ಬ ಫೋಟೋದವನನ್ನು ಕರೆದುಕೊಂಡು ಆ ಸೀಸೆ ತಂದ. ಹಸಿರು ಮಖಮಲ್ಲಿನ ಡಬ್ಬಿಯಲ್ಲಿತ್ತು. "ದೂತರು ಕಳಿಸ್ಯಾರೆ ಅಕ್ಕ, ಇದ್ದತ್ತು ಮುಗಿದ ಮೇಲೆ ಹಚ್ಕಳ್ಳಿ ಅಂತ. ಪರದೆ ಹತ್ರ ಹಿಡ್ಕಂಡು ನಿಂತ್ರೆ ಸಾಕು, ಒಂದು ಫೋಟೋ. ಉಪಕಾರ ಆತು ಅಂತ ಒಂದು ಮಾತು."

ನಾನು ಪರದೆಯ ಹತ್ತಿರ ಹೋಗಲಿಲ್ಲ. ಈ ಸಲ ನನ್ನ ದನಿ ಹೊರಗೆ ಕೇಳಿಸಿತು. "ಖಾದರಣ್ಣ, ನೀನು ನನ್ನ ಬಾಯಾಗೆ ಇಟ್ಟ ಮಾತು ಸಾಕು. ಹೋಗು."

ಅವನು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, "ಮಗ ಬರಾಕತ್ತಾನೆ, ಇನ್ನೂ ಸೊಕ್ಕು ಇಳಿದಿಲ್ಲ," ಎನ್ನುತ್ತಾ ಹೋದ. ಹಿತ್ತಲಿಗೆ ಎಸೆಯೋಣ ಎಂದೆ. ಇಮಾಂಬಿ ಬಿಡಲಿಲ್ಲ. "ಇಡು. ಎಸೆದ್ರೆ ಮರೀತೀವಿ," ಎಂದು ತಾನೇ ಟ್ರಂಕಿನ ತಳಕ್ಕೆ ಹಾಕಿದಳು.

ನಿಮ್ಮ ಅಪ್ಪ ಚಿತ್ತೆ ಮಳೆಯಲ್ಲಿ ಬಂದ. ನನ್ನ ಇದ್ದತ್ತು ಆಗಷ್ಟೇ ಮುಗಿದಿತ್ತು. ಬಸ್ಸಿಳಿದವನು ಮನೆಗೂ ಬರದೆ ನೇರ ಖಬರಸ್ತಾನಕ್ಕೆ ಹೋದ ಎಂದು ಯಾರೋ ಬಂದು ಹೇಳಿದರು. ನಾನು ಹಿಂದೆಯೇ ಓಡಿದೆ, ಬೇಲಿಯ ಆಚೆ ನಿಂತೆ. ಅಪ್ಪನ ಗೋರಿಯ ಮೇಲೆ ಹುಲ್ಲು ಬೆಳೆದಿತ್ತು. ಅವನು ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಎದ್ದು ಬಂದು ನನ್ನ ಮುಖ ನೋಡದೆ ಕೇಳಿದ.

"ಅವ್ವ, ನಾನು ತಪ್ಪು ಮಾಡೀನಿ ಅಂತ ನೀನು ಮಾಫಿ ಕೇಳಿದ್ಯಂತೆ, ಹೌದಾ? ಬಿಡುವಾಗ ಅಲ್ಲಿ ಓದಿ ಹೇಳಿದ್ರು. 'ನಿನ್ ತಾಯಿ ಒಪ್ಪಿಕೊಂಡಾಳೆ, ಅದಕ್ಕೆ ಬಿಡ್ತೀವಿ' ಅಂತ. ಜೊತಿಗಿದ್ದೋರೆಲ್ಲ ನನ್ ಮುಖ ನೋಡಿದ್ರು."

"ಇಲ್ಲ ಮಗ, ಕೇಳಿಲ್ಲ," ಎಂದೆ.

ಅವನು "ಆತು ಬಿಡು" ಎಂದ. ನಂಬಿದೆ ಅನ್ನಲಿಲ್ಲ, ನಂಬಲಿಲ್ಲ ಅಂತಲೂ ಅನ್ನಲಿಲ್ಲ. ನಾನು ಹೊಲಿದಿಟ್ಟ ಗಾದಿಯ ಮೇಲೆ ಅವತ್ತು ಮಲಗಿದ. ಈಗಲೂ ಅದರ ಮೇಲೆಯೇ ಮಲಗುತ್ತಾನೆ. ಚನ್ನಗಿರಿಯಲ್ಲಿ ಟ್ರ್ಯಾಕ್ಟರಿನ ಸೀಟು ಹೊಲಿಯುವ ಅಂಗಡಿ ಹಾಕಿದ್ದಾನೆ, ನಿಮ್ಮನ್ನು ಸಾಕುತ್ತಿದ್ದಾನೆ. ಆದರೆ ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನನಗೂ ಎತ್ತಲು ಬಾಯಿ ಬರಲಿಲ್ಲ. ಓಣಿಯವರು ಅವನನ್ನು 'ಮಾಫಿ ದಾದಾಪೀರ್' ಅನ್ನುತ್ತಾರೆ. ರಿಯಾಜ್, ನೀನು ಅದನ್ನು ದೊಡ್ಡ ಬಿರುದು ಅಂದುಕೊಂಡಿದ್ದೆ. ಅದು ಬಿರುದಲ್ಲ.

ಇನ್ನು ಮೇಲೆ ಯಾರಾದರೂ ಹಾಗೆ ಅಂದರೆ ಇಬ್ಬರೂ ಹೇಳಿರಿ. ನಿಮ್ಮ ಅಪ್ಪ ನೆರಳಿಗೆ ಕೂತ, ಅದು ತಪ್ಪಲ್ಲ. ಮಾಡದ ತಪ್ಪಿಗೆ ಕ್ಷಮೆ ಕೊಡುವವರು, ತಾವು ಮಾಡಿದ ತಪ್ಪನ್ನು ತಮ್ಮ ಕಡೆಯೇ ಮುಚ್ಚಿಟ್ಟುಕೊಳ್ಳುತ್ತಾರೆ. ನಿಮ್ಮ ಅಜ್ಜಿ ಅವರ ಎದುರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಮಾಫಿ ಕೇಳಲಿಲ್ಲ.

ಸೀಸೆಯನ್ನು ಏನು ಬೇಕಾದರೂ ಮಾಡಿರಿ, ಮುಬೀನಾ. ಬಿರಡೆ ಬಿಚ್ಚಿಟ್ಟರೆ ಅತ್ತರು ತಾನಾಗಿ ಹಾರಿಹೋಗುತ್ತದೆ. ಈ ಹಾಳೆಗಳನ್ನು ಮಾತ್ರ ನೀವು ಓದಿದ ಮೇಲೆ ನಿಮ್ಮ ಅಪ್ಪನ ಕೈಗೆ ಕೊಡಿ. ನನ್ನ ಎದುರು ಬೇಡ, ನಾನು ಹಿತ್ತಲಲ್ಲಿ ಇರುವಾಗ ಕೊಡಿ. ಅವನು ಓದಿದ ಮೇಲೆ ಮಡಿಚಿ ಆ ಹಸಿರು ಡಬ್ಬಿಯಲ್ಲಿ ಸೀಸೆ ಇದ್ದ ಜಾಗದಲ್ಲೇ ಇಡಿ. ಮಳೆ ನೀರು ಸೋರದ ಕಡೆ, ಇಲಿ ಮುಟ್ಟದ ಕಡೆ ಜೋಪಾನವಾಗಿ ಇಡಿ.